ಮನೆಗೊಂದು ಕಟ್ಟಳೆಯ ಚೌಕಾಬಾರ

ಎರಡು ನದಿಗಳ ನಡುವಿನ ನಾಡು ರಾಯಚೂರು. ಇಲ್ಲಿ ಊರಿಂದೂರಿಗೆ ಆಟದ ಹೆಸರು ಬದಲಾಗುತ್ತದೆ, ಮನೆಯಿಂದ ಮನೆಗೆ ನಿಯಮ ಬದಲಾಗುತ್ತದೆ. ಬೇರೆ ಬೇರೆ ಆಡುವವರನ್ನು ಒಂದೇ ಮಣೆಯ ಸುತ್ತ ಕೂರಿಸುವುದು ಹೇಗೆ? ರಾಯಚೂರು, ಮಾನ್ವಿ, ದೇವದುರ್ಗಗಳ ದಾರಿಯಲ್ಲಿ ಈ ಪ್ರಶ್ನೆಗೆ ಉತ್ತರದ ಎಳೆಗಳು ಸಿಗುತ್ತವೆ.

ಮುಂಬೈ ಕಡೆಯಿಂದ ಬರುವ ರೈಲು ಕೃಷ್ಣಾ ನದಿಯ ಸೇತುವೆ ದಾಟಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಹಿಂದೆ ಹಾಕಿತೆಂದರೆ ರಾಯಚೂರು ಬಂದಂತೆಯೇ. ನಿಲ್ದಾಣ ನೋಡಲು ಸಾಮಾನ್ಯ. ಅದರ ಚರಿತ್ರೆ ಸಾಮಾನ್ಯವಲ್ಲ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ಇಲ್ಲಿಯೇ. ಕಂಪನಿಗಳು ಎರಡು, ಲೆಕ್ಕಪತ್ರ ಎರಡು. ಆದರೆ ಹಳಿಯ ಅಗಲ ಮಾತ್ರ ಎರಡು ಕಡೆಯೂ ಐದೂವರೆ ಅಡಿ. ಹಾಗಾಗಿ ಗಾಡಿ ನಿಲ್ಲದೆ ಮುಂದೆ ಹೋಗಲು ಸಾಧ್ಯವಾಯಿತು. ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ಹಳಿ ಗುಂತಕಲ್ಲಿಗೆ ಬಂದು ಸೇರುತ್ತಿದ್ದ ಕಾಲದಲ್ಲಿ ಜನ ಗಂಟುಮೂಟೆ ಹೊತ್ತು ಗಾಡಿ ಬದಲಿಸುತ್ತಿದ್ದುದನ್ನು ಹಿರಿಯರು ಇನ್ನೂ ಮರೆತಿಲ್ಲ. ಒಪ್ಪಿಕೊಂಡ ಅಳತೆಯೊಂದು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ಈ ಸೀಮೆಗೆ ‘ದೋಆಬ್’ ಎಂಬ ಹೆಸರಿದೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವಿನ ಕಪ್ಪು ಮಣ್ಣಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸೇನೆಯನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ. ಮುಂದೆ ಆದಿಲ್ ಶಾಹಿಗಳು, ಮೊಗಲರು, ನಿಜಾಮರು ಬಂದರು. 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತವಿತ್ತು. ಮತ್ತೆ ನಿಜಾಮರ ಕೈಗೆ ಹೋಯಿತು. 1956ರ ನವೆಂಬರ್ 1ರಂದು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟೆಲ್ಲ ಕೈ ಬದಲಾದ ಊರಿನ ಬೀದಿಗಳಲ್ಲಿ ಕನ್ನಡ, ತೆಲುಗು, ಉರ್ದು ಒಂದರ ಪಕ್ಕ ಒಂದು ಕೇಳಿಬರುವುದು ಸಹಜ.

ಕೋಟೆಯ ಒಳಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದದ ಒಂದು ಕಲ್ಲಿದೆ. ಕಾಕತೀಯ ರಾಣಿ ರುದ್ರಮ್ಮದೇವಿಯ ಕಡೆಯ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ವಿಷಯವನ್ನು ಅದರ ಮೇಲೆ ಕೆತ್ತಲಾಗಿದೆ. ಅಷ್ಟು ದೊಡ್ಡ ಕಲ್ಲನ್ನು ದನ ಹೂಡಿದ ಬಂಡಿಯ ಮೇಲೆ ಎಳೆದು ತಂದ ಚಿತ್ರವೂ ಅಲ್ಲಿದೆ. ಮಕ್ಕಳು ಶಾಸನಕ್ಕಿಂತ ಹೆಚ್ಚು ಹೊತ್ತು ನಿಂತು ನೋಡುವುದು ಆ ಚಿತ್ರವನ್ನೇ.

ಎತ್ತುಗಳಿಂದ ಕಲ್ಲು ಎಳೆಸುವ ಹುಮ್ಮಸ್ಸು ಈ ಊರಿನಲ್ಲಿ ಇನ್ನೂ ಉಳಿದಿದೆ. ಕಾರಹುಣ್ಣಿಮೆಯ ಹೊತ್ತಿಗೆ ನಡೆಯುವ ಮುಂಗಾರು ಹಬ್ಬದಲ್ಲಿ ಭಾರವಾದ ಕಲ್ಲು ಎಳೆಯುವ ಸ್ಪರ್ಧೆಗೆ ಕರ್ನಾಟಕದ್ದಷ್ಟೇ ಅಲ್ಲ, ಆಂಧ್ರ, ತೆಲಂಗಾಣದ ಎತ್ತುಗಳೂ ಬರುತ್ತವೆ. ಒಡೆಯರ ಮಾತು ಬೇರೆ, ಎತ್ತು ಸಾಕುವ ರೀತಿ ಬೇರೆ, ಎತ್ತನ್ನು ಹುರಿದುಂಬಿಸುವ ಕೂಗೂ ಬೇರೆ. ಆದರೆ ಕಲ್ಲಿನ ತೂಕ ಎಲ್ಲರಿಗೂ ಒಂದೇ, ಕೊಟ್ಟ ಹೊತ್ತು ಎಲ್ಲರಿಗೂ ಒಂದೇ. ಮೂರು ರಾಜ್ಯದವರು ಒಂದು ಬಯಲಿನಲ್ಲಿ ಸೇರಲು ಅಷ್ಟು ಸಾಕಾಗಿದೆ.

ಬಯಲಿನ ಆಟಕ್ಕೆ ಒದಗಿದ ಈ ಭಾಗ್ಯ ಪಡಸಾಲೆಯ ಆಟಕ್ಕೆ ಒದಗಲಿಲ್ಲ.

ಕಾಯಿ ಹಣ್ಣಾಗುವ ದಾರಿ

ನಾಗರಪಂಚಮಿ ಬಂತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಅರಳು, ಉಂಡಿ, ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಮನೆ ಬರೆದು ಕವಡೆ ಹಿಡಿದು ಕೂರುವ ದಿನಗಳಿವು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿನ ಮೇಲೆ ಒಂದು ಮಗ್ಗುಲು ತೇಯ್ದರೆ ಆಯಿತು. ಬಿಳಿ ಮಗ್ಗುಲು ಬಾಯಿ, ಕರಿ ಮಗ್ಗುಲು ಬೆನ್ನು. ಕಾಯಿಗಳಿಗೆ ಬಳೆಚೂರು, ಕಡ್ಡಿ, ಕಲ್ಲುಹರಳು, ಏನಾದರೂ ಸರಿ. ಖರ್ಚು ಸೊನ್ನೆ.

ಹೆಸರು ಮಾತ್ರ ಒಂದಲ್ಲ. ಒಬ್ಬರಿಗೆ ಚೌಕಾಬಾರ, ಇನ್ನೊಬ್ಬರಿಗೆ ಚಕ್ಕಾಬಾರ. ತೆಲುಗು ಮನೆಮಾತಿನವರಿಗೆ ಅಷ್ಟಾಚೆಮ್ಮ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಮೇಷ್ಟರ ಮನೆಯಲ್ಲಿ ಕಟ್ಟೆಮನೆ. ಮಣೆ ಎಲ್ಲೆಡೆ ಒಂದೇ: ಐದು ಸಾಲು, ಐದು ಕಂಬ, 25 ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿಗೆ ಸುತ್ತಿ, ಒಳಸುತ್ತಿನ ಎಂಟು ಮನೆಗಳನ್ನು ಎದುರು ದಿಕ್ಕಿಗೆ ಸುತ್ತಿ, ನಟ್ಟನಡುವಿನ ಮನೆ ಸೇರಿದರೆ ಕಾಯಿ ‘ಹಣ್ಣು’ ಆಗುತ್ತದೆ. ನಾಲ್ಕೂ ಕಾಯಿ ಮೊದಲು ಹಣ್ಣಾದವರು ಗೆದ್ದರು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ತೆರೆದರೆ ಚೌಕ, ನಾಲ್ಕೂ ಮುಚ್ಚಿದರೆ ಎಂಟು. ನಾಲ್ಕೋ ಎಂಟೋ ಬಿದ್ದವರಿಗೆ ಇನ್ನೊಂದು ಎಸೆತ.

ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಶುರುವಾಗುವುದು ಇಲ್ಲಿಂದ ಮುಂದೆ.

“ಕಡೀದ ಒಳಗ ಹೋಗಂಗಿಲ್ಲವ್ವ.”

“ನಮ್ಮನ್ಯಾಗ ಹಂಗೇನಿಲ್ಲ ಅಜ್ಜಿ. ಒಂದ್ ಸುತ್ತು ಮುಗುದ್ರ ಸೀದಾ ಒಳಗ.”

ಯಾವ ಊರಿನ ಯಾವ ಪಡಸಾಲೆಯಲ್ಲಾದರೂ ಕೇಳಿಬರುವ ಮಾತಿದು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎನ್ನುವುದು ಒಂದು ಮನೆಯ ಕಟ್ಟಳೆ. ಇನ್ನೊಂದು ಮನೆಯಲ್ಲಿ ಅದಿಲ್ಲ. ಕೆಲವರಿಗೆ ನಾಲ್ಕೋ ಎಂಟೋ ಬೀಳದೆ ಮೊದಲ ಕಾಯಿ ಏಳುವುದೇ ಇಲ್ಲ. ಕೆಲವರಿಗೆ ಒಂದು ಬಿದ್ದರೂ ಸಾಕು. ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಅದು ಗಟ್ಟಿಯೇ ಅಲ್ಲವೇ, ಅದನ್ನು ದಾಟಬಹುದೇ, ಸತತವಾಗಿ ಮೂರು ಸಲ ಚೌಕ ಬಿದ್ದರೆ ಮೂರೂ ಸುಟ್ಟುಹೋಗುತ್ತವೆಯೇ ಎಂಬುದಕ್ಕೆಲ್ಲ ಮನೆಗೊಂದು ಉತ್ತರ. ಪ್ರತಿ ಮನೆಯವರಿಗೂ ತಮ್ಮದೇ ಮೂಲ ಆಟ, ಉಳಿದದ್ದು ಕೆಟ್ಟ ರೂಢಿ.

ಇವು ಬರೀ ಹಟದ ಮಾತುಗಳಲ್ಲ ಎಂಬುದನ್ನು ಶಾಲೆಯ ಗಣಿತವೇ ತೋರಿಸುತ್ತದೆ. ಕವಡೆ ಬಾಯಿ ಮೇಲಾಗಿ ಬೀಳುವುದೂ ಕೆಳಗಾಗಿ ಬೀಳುವುದೂ ಸಮ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ರೀತಿಗಳು 16. ಅವುಗಳಲ್ಲಿ ಒಂದು ಬೀಳುವುದು ನಾಲ್ಕು ರೀತಿ, ಎರಡು ಆರು ರೀತಿ, ಮೂರು ನಾಲ್ಕು ರೀತಿ. ಚೌಕಕ್ಕೆ ಒಂದೇ ರೀತಿ, ಎಂಟಕ್ಕೂ ಒಂದೇ ರೀತಿ. ಅಂದರೆ ನಾಲ್ಕೋ ಎಂಟೋ ಬೀಳುವ ಸಂಭವ 16ರಲ್ಲಿ 2. ಅವೇ ಬೇಕು ಎಂಬ ಮನೆಯಲ್ಲಿ ಮೊದಲ ಕಾಯಿ ಏಳಲು ಸರಾಸರಿ ಎಂಟು ಎಸೆತ ಕಾಯಬೇಕು. ಒಂದು ಬಿದ್ದರೂ ಆದೀತು ಎಂಬ ಮನೆಯಲ್ಲಿ ಮೂರಕ್ಕೂ ಕಡಿಮೆ ಎಸೆತ ಸಾಕು. ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ. ಕಾಯಿ ಹಣ್ಣಾಗಲು ನಡೆಯಬೇಕಾದದ್ದು 24 ಮನೆ. ಸುಮಾರು ಹತ್ತು ಎಸೆತದ ದಾರಿ. ಮೊದಲ ಕಟ್ಟಳೆ ಉದ್ದನೆಯ ಮಧ್ಯಾಹ್ನಕ್ಕೆ ಹೊಂದುವಂಥದ್ದು, ಎರಡನೆಯದು ಟ್ಯೂಷನ್‌ಗೆ ಹೊರಟ ಮಕ್ಕಳಿಗೆ. ಕಡಿದೇ ಒಳಗೆ ಹೋಗಬೇಕು ಎಂಬುದು ಜಗಳಗಂಟ ಆಟ. ಬೇಡ ಎಂಬುದು ಓಟದ ಆಟ. ಒಂದೊಂದು ಮನೆ ತನ್ನ ಹೊತ್ತಿಗೆ, ತನ್ನ ಸ್ವಭಾವಕ್ಕೆ ಸರಿಯಾಗಿ ಆಟವನ್ನು ತಿದ್ದಿಕೊಂಡಿದೆ.

ಕಷ್ಟವಿರುವುದು ಎರಡು ಮನೆಯವರು ಕೂಡಿದಾಗ. ಬೆಂಗಳೂರಿನಿಂದ, ಹೈದರಾಬಾದಿನಿಂದ ರಜೆಗೆ ಬಂದ ಮೊಮ್ಮಕ್ಕಳು ಅರ್ಧ ಗಂಟೆ ನಿಯಮದ ಬಗ್ಗೆ ವಾದ ಮಾಡುತ್ತಾರೆ, ಆಮೇಲೆ ಮೊಬೈಲು ಹಿಡಿಯುತ್ತಾರೆ. ಅದರಲ್ಲಿರುವ ಲೂಡೊ ಬೇರೆ ಯಾವುದೂ ಅಲ್ಲ, ನಮ್ಮ ಪಗಡೆ-ಪಚ್ಚೀಸಿಯನ್ನೇ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನವರು ಸರಳಗೊಳಿಸಿಕೊಂಡ ಆಟ. ಅಲ್ಲಿ ಕಟ್ಟಳೆ ಯಂತ್ರದೊಳಗೇ ಇದೆ, ವಾದಕ್ಕೆ ಎಡೆಯಿಲ್ಲ. ಅಜ್ಜಿಯ ಕವಡೆ ಡಬ್ಬಿಗೆ ವಾಪಸು ಹೋಗುತ್ತದೆ. ಆಕೆಯ ಕಟ್ಟಳೆ ಯಾರೂ ಬರೆದಿಟ್ಟದ್ದಲ್ಲ; ಆಕೆಯೊಂದಿಗೇ ಮುಗಿಯುತ್ತದೆ.

ಮಾನ್ವಿಯ ಕಂಬದ ಬಳಿ

ರಾಯಚೂರಿನಿಂದ ಸಿಂಧನೂರು ರಸ್ತೆಯಲ್ಲಿ ಕಲ್ಲೂರು ದಾಟಿ ಹೋದರೆ ಸುಮಾರು 45 ಕಿ.ಮೀ. ದೂರದಲ್ಲಿ ಮಾನ್ವಿ. ದಾರಿಯುದ್ದಕ್ಕೂ ಹತ್ತಿ, ತೊಗರಿ, ಕಾಲುವೆ ನೀರು ಸಿಕ್ಕಲ್ಲಿ ಭತ್ತ. ಬಸ್ ನಿಲ್ದಾಣದ ಆಸುಪಾಸು ಒಗ್ಗರಣೆ-ಮಿರ್ಚಿಯ ಘಮ. ಊರಿನ ಹೆಸರು ನಾಡಿಗೆ ಗೊತ್ತಾದದ್ದು ಜಗನ್ನಾಥದಾಸರಿಂದ. ಅವರ ಸನ್ನಿಧಾನವೆಂದು ಭಕ್ತರು ನಂಬುವ ಕಂಬ ಇಲ್ಲಿದೆ. ಆರಾಧನೆಗೆ ದೂರದೂರದಿಂದ ಜನ ಬರುತ್ತಾರೆ.

ಪಡಸಾಲೆಯ ಆಟಕ್ಕೂ ದಾಸರಿಗೂ ಏನು ಸಂಬಂಧ ಎನ್ನಬಹುದು. ನೇರ ಸಂಬಂಧವೇನೂ ಇಲ್ಲ. ಆದರೆ ಒಂದೇ ನಂಬಿಕೆಯವರು ಎರಡು ಪಂಗಡವಾಗಿದ್ದಾಗ ಒಂದು ಹೊಸ ಕೃತಿ ಅವರನ್ನು ಹತ್ತಿರ ತಂದ ಕಥೆ ಈ ಮಣ್ಣಿನದೇ. ಮಾಧ್ವ ಪರಂಪರೆಯಲ್ಲಿ ಸಂಸ್ಕೃತದಲ್ಲಿ ಶಾಸ್ತ್ರ ಹೇಳುವವರದು ವ್ಯಾಸಕೂಟ, ಕನ್ನಡದಲ್ಲಿ ಹಾಡುವವರದು ದಾಸಕೂಟ. ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು (1682–1755) ದಾಸಕೂಟದ ಹಿರಿಯರು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದ ಹಾಡಿನವರನ್ನು ಹಗುರವಾಗಿ ಕಂಡವರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪದ ನೋವು ನಿಜವಾಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ಅವರು ವಿಜಯದಾಸರಲ್ಲಿಗೆ ಬಂದರು. ವಿಜಯದಾಸರು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರು ಎನ್ನುವುದು ಪರಂಪರೆಯ ಕಥೆ. ಪಂಡಿತ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು (1728–1809).

ಅವರು ಬರೆದದ್ದು ‘ಹರಿಕಥಾಮೃತಸಾರ’. ಭಾಮಿನಿ ಷಟ್ಪದಿಯ ಕನ್ನಡ; ಒಳಗಿರುವುದು ಸಂಸ್ಕೃತ ಗ್ರಂಥಗಳ ಸಿದ್ಧಾಂತ. ಶಾಸ್ತ್ರದವರು ತಮ್ಮದನ್ನು ಬಿಡಬೇಕಾಗಲಿಲ್ಲ, ಹಾಡಿನವರೂ ತಮ್ಮದನ್ನು ಬಿಡಬೇಕಾಗಲಿಲ್ಲ. ಎರಡೂ ಕಡೆಯವರು ಅದರಲ್ಲಿ ತಮ್ಮ ಮನೆ ಕಂಡುಕೊಂಡರು. ಕನ್ನಡ ಕೃತಿಯೊಂದಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಹುಟ್ಟಿತು ಎಂದರೆ ಆ ಗೌರವ ಎಷ್ಟೆಂದು ಊಹಿಸಬಹುದು. ಒಂದುಗೂಡಿಸುವ ಹೊಸತು ಹಳೆಯದನ್ನು ಅಳಿಸಬಾರದು ಎಂಬ ಮಾತಿಗೆ ಮಾನ್ವಿಯೇ ಸಾಕ್ಷಿ.

ಚದುರಂಗ ಕಲಿಸಿದ್ದು

ಪಡಸಾಲೆಯ ಆಟವೊಂದು ಒಂದೇ ಕಟ್ಟಳೆಗೆ ಬಂದದ್ದಕ್ಕೆ ಭಾರತದಲ್ಲಿ ದೊಡ್ಡ ಉದಾಹರಣೆ ಚದುರಂಗ. ಅಜ್ಜಂದಿರ ಚದುರಂಗ ಇಂದಿನ ಚೆಸ್ ಆಗಿರಲಿಲ್ಲ. ಪದಾತಿ ಮೊದಲ ಹೆಜ್ಜೆಯಲ್ಲಿ ಎರಡು ಮನೆ ಹೋಗುವಂತಿರಲಿಲ್ಲ. ರಾಜನೂ ಆನೆಯೂ ಸೇರಿ ಕೋಟೆ ಕಟ್ಟುವ ನಡೆ ಇರಲಿಲ್ಲ. ಬದಲಿಗೆ ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಇದರಲ್ಲೂ ಸೀಮೆಯಿಂದ ಸೀಮೆಗೆ ವ್ಯತ್ಯಾಸ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀ ಆಟದಲ್ಲಿ ಬೆಳೆದವರು. ಯುರೋಪಿನ ನಿಯಮಗಳನ್ನು ತಡವಾಗಿ ಕಲಿತರೂ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು 1929, 1932 ಮತ್ತು 1933ರಲ್ಲಿ ಗೆದ್ದರು.

ಪ್ಯಾರಿಸ್ಸಿನಲ್ಲಿ 1924ರಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ‘ಫಿಡೆ’ ಹುಟ್ಟಿತ್ತು. ಇಲ್ಲಿ 1951ರಲ್ಲಿ ಅಖಿಲ ಭಾರತ ಚೆಸ್ ಫೆಡರೇಷನ್ ಆಯಿತು; 1955ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅಂತರರಾಷ್ಟ್ರೀಯ ನಿಯಮ ಹಂತಹಂತವಾಗಿ ದೇಶೀ ನಿಯಮಗಳ ಜಾಗಕ್ಕೆ ಬಂತು. ಫಲ ಕಣ್ಣೆದುರಿಗಿದೆ. 1961ರಲ್ಲಿ ಮ್ಯಾನ್ಯುಯೆಲ್ ಆರನ್ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು, 1988ರಲ್ಲಿ ವಿಶ್ವನಾಥನ್ ಆನಂದ್ ಮೊದಲ ಗ್ರ್ಯಾಂಡ್‌ಮಾಸ್ಟರ್. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. 2024ರ ಡಿಸೆಂಬರಿನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದರು. ರಾಯಚೂರಿನ ಹುಡುಗಿ ರಷ್ಯಾದ ಹುಡುಗಿಯ ಎದುರು ಒಂದು ಮಾತೂ ಆಡದೆ ಕೂತು ಆಡಬಹುದು.

ಆದರೆ ಕಳೆದುಕೊಂಡದ್ದೂ ಉಂಟು. ರಾಜ ಕುದುರೆಯಂತೆ ಹಾರುವ ಆ ಆಟವನ್ನು ಆಡಬಲ್ಲವರು ಇಂದು ಎಷ್ಟು ಮಂದಿ? ಒಂದು ನಿಯಮ ಗೆದ್ದಿತು, ಹತ್ತು ರೂಢಿಗಳು ಸದ್ದಿಲ್ಲದೆ ಹೋದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳ ಬಗ್ಗೆ ಆಸಕ್ತಿ ವಹಿಸಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವುಗಳನ್ನು ದಾಖಲಿಸಿದ್ದರಿಂದ, ಹೊಸ ಆಟಗಳನ್ನೂ ರೂಪಿಸಿದ್ದರಿಂದ ಅಷ್ಟಾದರೂ ಉಳಿದಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಮಣೆಗಳನ್ನು ಮತ್ತೆ ಜನರ ಮುಂದಿಟ್ಟಿದೆ. ದೋಆಬಿನ ಪಡಸಾಲೆಗಳಲ್ಲೂ ಯಾರಾದರೂ ಪೆನ್ನು ಹಿಡಿದು ಕೂರಬೇಕಾಗಿದೆ.

ಅಮೆರಿಕದ ಒಂದು ಜಗಳ

ಇದೇ ಸಮಸ್ಯೆ ದೂರದ ಅಮೆರಿಕದ ಒಂದು ಮೇಜಿನ ಆಟಕ್ಕೂ ಬಂದಿತ್ತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರ ವಹಿಸಿ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದು ಪಾತ್ರವಾಗಿ ‘ಈಗ ನಾನು ಇದನ್ನು ಮಾಡುತ್ತೇನೆ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ನಮ್ಮ ದೊಡ್ಡಾಟದ ಸಾರಥಿ ಪಾತ್ರಗಳನ್ನು ಮಾತನಾಡಿಸಿ ಕಥೆ ಮುಂದಕ್ಕೆ ನಡೆಸುವುದನ್ನು ನೋಡಿದವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ವೇಷ ಇಲ್ಲ, ರಂಗ ಇಲ್ಲ. ಮೇಜು, ಕಾಗದ, ದಾಳ ಸಾಕು.

ಆ ಆಟದ ನಿಯಮಪುಸ್ತಕದ ಆವೃತ್ತಿಗಳು ಒಂದರ ಹಿಂದೆ ಒಂದು ಬಂದವು. 2008ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಆಟವನ್ನು ತೀರಾ ಬದಲಿಸಿತು. ಅನೇಕರು ಒಪ್ಪಲಿಲ್ಲ, ಹಳೆಯ ಪುಸ್ತಕವನ್ನೇ ಹಿಡಿದು ಕೂತರು. ಹಳೆಯ ನಿಯಮಗಳ ಆಧಾರದ ಮೇಲೆ ಬೇರೊಂದು ಕಂಪನಿ 2009ರಲ್ಲಿ ‘ಪಾತ್‌ಫೈಂಡರ್’ ಎಂಬ ಆಟ ಹೊರತಂದಾಗ ಬಹಳ ಮಂದಿ ಅತ್ತ ಹೋದರು. ಗೆಳೆಯರು ಒಂದೇ ಮೇಜಿಗೆ ಕೂರದಂತಾದರು. ಅಜ್ಜಿ-ಮೊಮ್ಮಗಳ ವಾದವೇ, ಆದರೆ ಸಾವಿರಾರು ಮೇಜುಗಳಲ್ಲಿ.

2012ರ ಜನವರಿಯಲ್ಲಿ ಮೂಲ ಕಂಪನಿ ಹೊಸ ಆವೃತ್ತಿಯ ಸುದ್ದಿ ಕೊಟ್ಟಿತು. ಈ ಸಲ ದಾರಿ ಬೇರೆ. ಕರಡು ನಿಯಮಗಳನ್ನೇ ಆಡುವವರ ಕೈಗಿತ್ತು, ಆಡಿ ನೋಡಿ ತಪ್ಪು ಹೇಳಿ ಎಂದಿತು. ಲಕ್ಷಕ್ಕೂ ಹೆಚ್ಚು ಜನ ಆಡಿದರು, ದೂರಿದರು, ಸಲಹೆ ಕೊಟ್ಟರು. ಎರಡು ವರ್ಷ ತಿದ್ದಿದ ಮೇಲೆ 2014ರಲ್ಲಿ ಐದನೆಯ ಆವೃತ್ತಿ ಬಂತು. ಮೂಲ ನಿಯಮ ಸರಳ ಮತ್ತು ಎಲ್ಲರಿಗೂ ಒಂದೇ. ಬೇಕಾದವರಿಗೆ ಬೇಕಾದಂತೆ ಸೇರಿಸಿಕೊಳ್ಳಲು ಐಚ್ಛಿಕ ನಿಯಮಗಳು ಬೇರೆ. ಬಿಟ್ಟು ಹೋದವರಲ್ಲಿ ಬಹಳ ಮಂದಿ ಮರಳಿದರು, ಹೊಸಬರು ಅವರಿಗಿಂತ ಹೆಚ್ಚು ಬಂದರು. ಎಲ್ಲರೂ ಬಂದರೆಂದಲ್ಲ, ಪಾತ್‌ಫೈಂಡರ್ ಇಂದಿಗೂ ಉಂಟು, ಹಳೆಯ ಆವೃತ್ತಿ ಬಿಡದವರೂ ಉಂಟು.

ಕಥೆಗೆ ಬಾಲವೊಂದಿದೆ. 2023ರ ಆರಂಭದಲ್ಲಿ, ಇತರರು ಆ ನಿಯಮಗಳನ್ನು ಬಳಸಿಕೊಳ್ಳಲು ಇದ್ದ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಕಂಪನಿ ಹೊರಟಾಗ ಆಡುವವರೆಲ್ಲ ಸಿಡಿದೆದ್ದರು. ಕಂಪನಿ ಹಿಂದೆ ಸರಿದು ಮೂಲ ನಿಯಮಗಳನ್ನು ಯಾರಾದರೂ ಬಳಸಬಹುದಾದ ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಟ್ಟಿತು. ತಾವೇ ಆಡಿ ತಿದ್ದಿದ ಕಟ್ಟಳೆ ತಮ್ಮದೂ ಹೌದು ಎಂದು ಜನ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ದೇವದುರ್ಗದ ದಾರಿ

ರಾಯಚೂರಿಗೆ ಮರಳಿ, ಕಲ್ಮಲಾದಲ್ಲಿ ತಿರುಗಿ, ಹಳೆಯ ದೇವಾಲಯಗಳ, ಶಾಸನಗಳ ಗಬ್ಬೂರನ್ನು ಹಾದು ಹೋದರೆ ದೇವದುರ್ಗ. ಒಟ್ಟು ಸುಮಾರು 55 ಕಿ.ಮೀ. ಹಿಂದೆ ಬೇಡ ನಾಯಕರ ನೆಲೆಯಾಗಿದ್ದ ಊರು. ಕೃಷ್ಣೆ ಈ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. ಆಯುಷ್ಯ ಕೊಟ್ಟ ಗೋಪಾಲದಾಸರು (1721–1762) ಹುಟ್ಟಿದ ಮೊಸರಕಲ್ಲು ಇದೇ ತಾಲ್ಲೂಕಿನದು. ಕೃಷ್ಣೆಯ ಕಡೆಯ ದೇವದುರ್ಗದವರು ತುಂಗಭದ್ರೆಯ ಕಡೆಯ ಮಾನ್ವಿಯವರಿಗೆ ಕೈಕೊಟ್ಟ ಕಥೆ ಎಂದು ಅದನ್ನು ಓದಿಕೊಂಡರೂ ತಪ್ಪಿಲ್ಲ.

ಈ ಸೀಮೆಯ ಕುರಿಗಾಹಿಗಳಿಗೆ, ಕಟ್ಟೆಯ ಮೇಲೆ ಕೂರುವ ಹಿರಿಯರಿಗೆ ಒಗ್ಗಿದ್ದು ಹುಲಿ-ಕುರಿ ಆಟ. ಕವಡೆ ಇಲ್ಲ, ಅದೃಷ್ಟದ ಮಾತಿಲ್ಲ, ಬರೀ ಬುದ್ಧಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಸುತ್ತುಗಟ್ಟಿ ಹುಲಿಯ ದಾರಿ ಮುಚ್ಚುತ್ತವೆ. ಇಲ್ಲೂ ಒಡಕು ಉಂಟು. ತ್ರಿಕೋನದ ಮಣೆಯ ಮೇಲೆ ಮೂರು ಹುಲಿ, 15 ಕುರಿ ಎನ್ನುವವರು ಒಂದು ಕಡೆ. ಚೌಕದ ಮಣೆಯ ಮೇಲೆ ನಾಲ್ಕು ಹುಲಿ, 20 ಕುರಿ ಎನ್ನುವವರು ಇನ್ನೊಂದು ಕಡೆ. ಸಾಲುಮನೆ ಆಟದಲ್ಲಿ ಒಬ್ಬರಿಗೆ ಒಂಬತ್ತು ಕಾಯಿ. ಮೂಲೆಗೀಟು ಎಳೆದ ಮಣೆಯವರಿಗೆ 11 ಅಥವಾ 12.

ಹಾಗಾದರೆ ಈ ಮೂರು ಊರಿನ ಮಕ್ಕಳು ಒಂದೇ ಮಣೆಗೆ ಕೂರುವುದು ಹೇಗೆ? ದಾರಿ ಕಂಡದ್ದೇ ಆಗಿದೆ. ಮೊದಲು ಬರೆಯಬೇಕು. ಬೇಸಿಗೆ ರಜೆಯಲ್ಲಿ ಒಂದು ತರಗತಿಯ ಮಕ್ಕಳು ತಮ್ಮ ಅಜ್ಜಿ, ಅತ್ತೆ, ದೊಡ್ಡಮ್ಮಂದಿರನ್ನು ಕೇಳಿ ಮನೆಯ ಕಟ್ಟಳೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದರೆ ಸಾಕು. ಊರು ಯಾವುದು, ಯಾರಿಂದ ಕಲಿತದ್ದು, ಕಾಯಿ ಏಳಲು ಏನು ಬೀಳಬೇಕು, ಒಳಗೆ ಹೋಗಲು ಕಡಿಯಬೇಕೇ, ಗಟ್ಟಿ ಉಂಟೇ, ಮೂರು ಚೌಕ ಸುಡುತ್ತದೆಯೇ: ಆರು ಪ್ರಶ್ನೆ. 40 ಮಕ್ಕಳಿದ್ದರೆ 40 ಹಾಳೆ. ಅದೇ ಒಂದು ಚಿಕ್ಕ ಪುಸ್ತಕ. ಲೆಕ್ಕ ಹಾಕಿದರೆ ಗಣಿತದ ಪಾಠವೂ ಆಯಿತು, ಹೆಸರುಗಳನ್ನು ಹೋಲಿಸಿದರೆ ಭಾಷೆಯ ಪಾಠವೂ ಆಯಿತು.

ಆಮೇಲೆ ಕೂಡಿ ಆಡುವಾಗಿನ ಕಟ್ಟಳೆ. ಎಲ್ಲ ಹಾಳೆಗಳಲ್ಲೂ ಸಮಾನವಾಗಿರುವುದಷ್ಟನ್ನು ಮೂಲ ನಿಯಮ ಎಂದು ಇಟ್ಟುಕೊಳ್ಳುವುದು. ಭಿನ್ನವಾಗಿರುವುದನ್ನು ‘ಮನೆ ಕಟ್ಟಳೆ’ ಎಂದು ಬೇರೆ ಪಟ್ಟಿ ಮಾಡಿ, ಆಟಕ್ಕೆ ಮೊದಲು ಎರಡು ಕಡೆಯವರೂ ಅದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು. ಒಂದು ಆಟ ನಿಮ್ಮ ಕಟ್ಟಳೆಗೆ, ಮುಂದಿನದು ನಮ್ಮ ಕಟ್ಟಳೆಗೆ ಎಂದರೂ ನಡೆದೀತು. ಆಡಿ ನೋಡದೆ ಮೇಲಿನವರು ಬರೆದುಕೊಟ್ಟ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ. ಆಡಿದವರೇ ತಿದ್ದಿದ ನಿಯಮ ಪಡಸಾಲೆಯಲ್ಲಿ ಉಳಿಯುತ್ತದೆ.

ತಂದೆತಾಯಂದಿರಿಗೆ ಒಂದು ಅಳುಕು ಇರುವುದು ಸಹಜ. ದಾಳ, ಕವಡೆ ಎಂದ ಕೂಡಲೇ ಧರ್ಮರಾಯನ ಜೂಜು ನೆನಪಾಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಎಷ್ಟೋ ಮನೆಗಳು ಹಾಳಾದ ಮೇಲೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಆದರೆ ಪಣವಿಲ್ಲದ ಕವಡೆಗೆ ಆ ಪಾಪ ಅಂಟುವುದಿಲ್ಲ. ಹಣ್ಣಾಗುವ ಹೊಸ್ತಿಲಲ್ಲಿದ್ದ ಕಾಯನ್ನು ತಂಗಿ ಕಡಿದಾಗ ಅಣ್ಣ ಸಿಟ್ಟು ನುಂಗಿ ಮತ್ತೆ ಮೊದಲ ಮನೆಯಿಂದ ಹೊರಡುವುದನ್ನು ಕಲಿಯುತ್ತಾನೆ. ಎದುರಿಗೆ ಕೂತವರ ಮುಖ ನೋಡಿಕೊಂಡು ಸೋಲುವುದಕ್ಕೂ ಪರದೆಯ ಮುಂದೆ ಸೋಲುವುದಕ್ಕೂ ವ್ಯತ್ಯಾಸವಿದೆ.

ಈ ಸಲದ ಪಂಚಮಿಗೆ ಊರಿಗೆ ಹೋಗುವ ಮಕ್ಕಳು ಚೀಲದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. “ಕಡೀದ ಒಳಗ ಹೋಗಂಗಿಲ್ಲವ್ವ” ಎಂದು ಅಜ್ಜಿ ಅಂದಾಗ ವಾದಕ್ಕಿಳಿಯುವ ಮೊದಲು ಆ ಮಾತನ್ನು ಹಾಗೆಯೇ ಬರೆದುಕೊಳ್ಳಲಿ. ಯಾಕೆ ಹಾಗೆ ಎಂದೂ ಕೇಳಲಿ. ಆಮೇಲೆ ಕವಡೆ ಎಸೆಯಲಿ.

ಹೋಗುವ ಬಗೆ: ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿದೆ, ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಕೋಟೆ, ಆಮ್ ತಲಾಬ್ (ಮಾವಿನಕೆರೆ), 1513ರ ಏಕ್ ಮಿನಾರ್ ಮಸೀದಿ ಊರೊಳಗೇ ಇವೆ. ಮಾನ್ವಿಗೂ ದೇವದುರ್ಗಕ್ಕೂ ರಾಯಚೂರಿನಿಂದ ಬಸ್ ಸೌಕರ್ಯವಿದೆ. ಬೇಸಿಗೆಯ ಬಿಸಿಲು ಬಲು ಕಠಿಣ. ನವೆಂಬರ್‌ನಿಂದ ಫೆಬ್ರುವರಿ ತಿರುಗಾಟಕ್ಕೆ ಒಳ್ಳೆಯ ಕಾಲ. ಕವಡೆ ಆಟ ನೋಡಬೇಕೆಂದರೆ ಶ್ರಾವಣ.